ಸಮುದ್ರ ಕಾಣದ ಹಡಗಿನವನು

ಅಜ್ಜ ಸತ್ತಿದ್ದಕ್ಕೆ ಸರ್ಕಾರದ ಕಾಗದ ತರುವುದು ಈ ಜನ್ಮದಲ್ಲಿ ಆಗುವ ಮಾತಲ್ಲ ಎಂದವರು ಕೆರಿಯಪ್ಪಜ್ಜ, ನನ್ನ ಅಜ್ಜನ ದಾಯಾದಿ ಅಣ್ಣ. ಆಗ ನಾನು ನಾಲ್ಕನೇ ಕ್ಲಾಸು. ಆನವಟ್ಟಿ ಕಡೆಯ ನಮ್ಮ ಹಳ್ಳಿಯಲ್ಲಿ ಆ ಕಾಲಕ್ಕೆ ಯಾರ ಮನೆಯಲ್ಲಿ ಏನು ನಡೆಯಬೇಕೆಂದು ಅಂಥವರೊಬ್ಬರು ಹೇಳುತ್ತಿದ್ದರು, ಉಳಿದವರು ಹೂಂ ಅನ್ನುತ್ತಿದ್ದರು.

ಅಪ್ಪ ಇನ್ನೂ ತೊಟ್ಟಿಲಲ್ಲಿದ್ದಾಗ ಅಜ್ಜ ಮುಂಬೈಗೆ ಹೋಗಿ, ಸರಕು ಸಾಗಿಸುವ ಬ್ರಿಟಿಷರ ಉಗಿಹಡಗಿನಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಎತ್ತಿಹಾಕುವ ಕೆಲಸಕ್ಕೆ ಸೇರಿದ್ದ. ಯಾರಿಂದಲೋ ಬರೆಸಿದ ಒಂದೇ ಒಂದು ಪತ್ರ ಬಂದಿತ್ತು. ಅದರಲ್ಲಿ ಹಡಗಿನ ಹೆಸರಿತ್ತು. ಸಮುದ್ರದ ಮೇಲಿದ್ದರೂ ಸಮುದ್ರ ನೋಡಿಲ್ಲ, ದಿನವಿಡೀ ಬೆಂಕಿಯನ್ನೇ ನೋಡುತ್ತೇನೆ ಎಂದಿತ್ತು. ಅದು ಎರಡನೇ ಮಹಾಯುದ್ಧದ ಕಾಲ. ಆಮೇಲೆ ಸುದ್ದಿಯೇ ಇಲ್ಲ. ಊರಿನವರು ತಾವೇ ಅವನಿಗೆ ಮುಂಬೈಯಲ್ಲಿ ಇನ್ನೊಬ್ಬಳನ್ನು ಕಟ್ಟಿ, ಓಡಿಹೋದ ಎಂದು ತೀರ್ಮಾನಿಸಿದರು. ಅಜ್ಜಿ ಕುಂಕುಮ ಅಳಿಸಲಿಲ್ಲ. ಗಂಡ ಸತ್ತನೆಂದು ಅವಳಿಗೆ ಯಾರು ಹೇಳಿದ್ದರು?

ಆ ವರ್ಷ ಮಹಾಲಯ ಅಮಾವಾಸ್ಯೆಗೆ, ಸತ್ತ ಹಿರಿಯರಿಗೆ ಎಡೆ ಇಡುವ ದಿನ, ಅಜ್ಜಿಯೇ ಮನಸ್ಸು ಗಟ್ಟಿ ಮಾಡಿದಳು. "ಬದುಕಿದ್ರೆ ಬರ್ತಿದ್ರು ಕಣಪ್ಪ. ಅವ್ರಿಗೂ ಒಂದು ಎಲೆ ಹಾಕು" ಎಂದಳು. ಒಳಗೆ ಕಡುಬು ಬೇಯುತ್ತಿದ್ದ ಅರಿಶಿನದೆಲೆಯ ವಾಸನೆ. ಎಡೆ ಆಗುವ ತನಕ ಬಾಯಿಗೆ ಏನೂ ಹಾಕುವಂತಿಲ್ಲ. ನಾವು ಮಕ್ಕಳು ಜಗಲಿಯಲ್ಲಿ ಚೌಕಾಬಾರ ಆಡುತ್ತ ಹಸಿವು ತಡೆದುಕೊಂಡಿದ್ದೆವು. ಅಪ್ಪ ಮೂರು ಎಲೆ ಹಾಕಿದ. ಮೂರನೆಯದರ ಮುಂದೆ ಹೊಸ ಪಂಚೆ ಇಟ್ಟ.

ಊಟಕ್ಕೆ ಬಂದ ಕೆರಿಯಪ್ಪಜ್ಜ ಬಾಗಿಲಲ್ಲೇ ನಿಂತರು.

"ಮೂರನೇದು ಯಾರಿಗೋ ಮಂಜಪ್ಪ?"

"ನಮ್ಮಪ್ಪಂಗೆ, ದೊಡ್ಡಪ್ಪ."

"ಓಡಿಹೋದೋನಿಗೂ ಎಡೆ ಇಡ್ತಾರೇನೋ? ಎಲ್ಲೋ ಉಂಡುಕೊಂಡು ಇರೋನಿಗೆ ಇಟ್ರೆ ಮನೆ ಉಳಿಯಲ್ಲ. ಸತ್ತಿದಾನೆ ಅಂತ ಕಾಗದ ತಗಂಬಾ, ಆಮೇಲೆ ಇಡು."

ತರುತ್ತೇನೆ ಎಂದ ಅಪ್ಪ. ಆಗಲೇ ಅವರು ನಕ್ಕು, ಈ ಜನ್ಮದಲ್ಲಿ ಆಗುವುದಲ್ಲ ಎಂಬ ಆ ಮಾತು ಆಡಿದ್ದು. ಎಲೆ ಎತ್ತದೆ ಕೂರುವುದಿಲ್ಲ ಎಂದರು. ನೆಂಟರೂ ಎದ್ದು ನಿಂತರು. ಅಪ್ಪ ತನ್ನ ಕೈಯಾರೆ ಆ ಎಲೆ ಎತ್ತಿ ಕೊಟ್ಟಿಗೆಯ ಎಮ್ಮೆಗೆ ಹಾಕಿ ಬಂದ. ಎಲ್ಲರೂ ಕೂತು ಉಂಡರು. ಕೆರಿಯಪ್ಪಜ್ಜ ಸಾರು ಚೆನ್ನಾಗಿದೆ ಎಂದು ಎರಡು ಸಲ ಹಾಕಿಸಿಕೊಂಡರು. ನಾನು ಉಣ್ಣಲಿಲ್ಲ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಯುವುದು ನನಗೆ ಬೇಕಾಗಿಯೂ ಇಲ್ಲ.

ಸೊರಬ, ಶಿಕಾರಿಪುರ ಸೀಮೆಯಲ್ಲಿ ಕಳ್ಳರಿಂದ ದನ ಬಿಡಿಸಲು ಹೋಗಿ ಸತ್ತವನಿಗೂ ವೀರಗಲ್ಲು ನಿಲ್ಲಿಸಿದ್ದಾರೆ. ಯುದ್ಧದಲ್ಲಿ ಊರೂರಿಗೆ ಗೋಧಿ, ಎಣ್ಣೆ ಹೊತ್ತ ಹಡಗನ್ನು ನಡೆಸಿ ಸತ್ತವನಿಗೆ ಸಿಕ್ಕಿದ್ದು ಓಡಿಹೋದವನೆಂಬ ಹೆಸರು. ಅಜ್ಜಿ ತೀರಿಕೊಂಡಾಗ ಅವಳ ಹೆಣಕ್ಕೆ ಕುಂಕುಮ ಇಡಬೇಕೋ ಬೇಡವೋ ಎಂದು ಜನ ಅಂಗಳದಲ್ಲಿ ಜಗಳ ಆಡಿದರು. ನಾನೇ ಹೋಗಿ ಇಟ್ಟೆ.

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಶಿಕಾರಿಪುರದ ಕಾಲೇಜಿಗೆ ಮೂರು ವರ್ಷ ಬಸ್ಸಿನಲ್ಲಿ ನಿಂತೇ ಓಡಾಡಿ ಬಿ.ಎ. ಮುಗಿಸಿದೆ. ಅಜ್ಜನ ಪತ್ರದಲ್ಲಿದ್ದ ಹಡಗಿನ ಹೆಸರು ಹಿಡಿದು ಮುಂಬೈಯ, ಲಂಡನ್ನಿನ ಹಡಗು ಕಚೇರಿಗಳಿಗೆ ಇಂಗ್ಲಿಷಿನಲ್ಲಿ ನಾನೇ ಪತ್ರ ಬರೆದೆ. ಉತ್ತರ ಬಾರದಿದ್ದರೆ ಮತ್ತೆ ಬರೆದೆ. ಎಷ್ಟೋ ವರ್ಷದ ಮೇಲೆ, ಹೋದ ತಿಂಗಳು ಮರಣ ದಾಖಲೆಯ ಪ್ರತಿ ಬಂತು. ಶತ್ರುಗಳು ನೀರಿನಡಿಯಿಂದ ಬಿಟ್ಟ ಟಾರ್ಪೆಡೊ ಸಿಡಿಗುಂಡು ಬಡಿದದ್ದು ಬಾಯ್ಲರ್ ಕೋಣೆಗೇ. ಅಲ್ಲಿದ್ದವರಲ್ಲಿ ಒಬ್ಬರೂ ಮೇಲೆ ಬರಲಿಲ್ಲ. ಅಜ್ಜನ ಹೆಸರು, ಅವನ ಅಪ್ಪನ ಹೆಸರು, ಮುಂದೆ ಸೊರಬ ಎಂದಿತ್ತು.

ಅದನ್ನು ಹಿಡಿದು ಊರಿಗೆ ಹೊರಟಾಗ ಅಪ್ಪ ಸೊರಬದ ಬಸ್ ಸ್ಟ್ಯಾಂಡಿಗೇ ಬಂದು ಕಾಯುತ್ತಿದ್ದ. ಕಾಗದ ಕೈಗೆ ಕೊಟ್ಟು ಓದಿ ಹೇಳಿದೆ. ಬಹಳ ಹೊತ್ತು ಅದರ ಮೇಲೆ ಬೆರಳಾಡಿಸಿದ.

"ಯಾರಿಗೆ ತೋರ್ಸ್ಲಿ ಮಗಾ? ಓಡಿಹೋದ ಅಂದೋರೆಲ್ಲ ಉಂಡು ತೇಗಿ ಸತ್ರು. ಅಮ್ಮನೂ ಇಲ್ಲ."