ಗುಡ್ಡಕ್ಕೆ ಹಚ್ಚಿದ ಸುಣ್ಣ

ನಮ್ಮ ಪಿ.ಟಿ. ಸಾರ್ ಅವರ ಬೆರಳುಗಳ ಬಿರುಕಿನಲ್ಲಿ ಯಾವಾಗಲೂ ಸುಣ್ಣ ಕೂತಿರುತ್ತಿತ್ತು. ಬಳ್ಳಾರಿಯ ಶಾಲಾ ಮೈದಾನದಲ್ಲಿ ವರ್ಷಗಟ್ಟಲೆ ಓಟದ ಗೆರೆ ಎಳೆದ ಕೈ ಅದು. ನಿವೃತ್ತರಾದ ಮೇಲೂ ಸುಣ್ಣ ಹೋಗಲಿಲ್ಲ. ಮೈದಾನ ಬಿಟ್ಟು ಗುಡ್ಡಕ್ಕೆ ಹಚ್ಚತೊಡಗಿದ್ದರು.

ಬೇಸಿಗೆಯಲ್ಲಿ ನಮ್ಮ ಕಡೆಯ ಬಂಡೆಗಳ ಮೇಲೆ ಕಾಲಿಡುವ ಹಾಗಿಲ್ಲ. ದಸರೆ ಕಳೆದು ಬರುವ ಶೀಗಿ ಹುಣ್ಣಿಮೆಯಿಂದ ಕೆಲವು ವಾರ ಮಾತ್ರ ಹುಲ್ಲು ಹಸಿರಾಗಿ, ಬಂಡೆಯ ಗುಂಡಿಗಳಲ್ಲಿ ನೀರು ನಿಂತಿರುತ್ತದೆ. ಆಗ ಪ್ರತಿ ಭಾನುವಾರ ಸಾರ್ ದಾರಿ ಹುಡುಕಿಕೊಂಡು ಹೊರಡುತ್ತಿದ್ದರು. ಸಿರುಗುಪ್ಪ ಕಡೆಯ ಕಾಲುವೆ ದಂಡೆಯಲ್ಲಿ ಸೈಕಲ್ಲು, ಕುರುಗೋಡಿನ ಹತ್ತಿರದ ಒಂದು ಗುಡ್ಡಕ್ಕೆ ನಡಿಗೆ. ಹಳೇ ವಿದ್ಯಾರ್ಥಿಯಾದ ನಾನು ಜೊತೆಗಾರ. ತಾರೀಖು ಹಾಕಿ, ಹೋದ ದಾರಿಯನ್ನೆಲ್ಲ ಡೈರಿಯಲ್ಲಿ ಬರೆಯುತ್ತಿದ್ದೆ.

"ಬರಿಯೋದು ಆಮ್ಯಾಲೆ, ಮೊದ್ಲು ಪೆಡಲ್ ತುಳಿಯಲೇ ಗುಮಾಸ್ತ!" ಎಂದು ಬೈಯುತ್ತಿದ್ದರು.

ಸಕ್ಕರೆ ಕಾಯಿಲೆ ಅವರ ಕಣ್ಣನ್ನು ತಿನ್ನುತ್ತಿತ್ತು. ಒಂದು ಭಾನುವಾರ ಸೈಕಲ್ಲು ಸಮೇತ ಕಾಲುವೆಯತ್ತ ಜಾರಿದರು. ದಂಡೆಯ ಜಾಲಿಮುಳ್ಳು ಹಿಡಿದು ನಿಲ್ಲಿಸಿತು. ಮರುದಿನವೇ ಸೈಕಲ್ಲನ್ನು ಯಾರಿಗೋ ಕೊಟ್ಟುಬಿಟ್ಟರು.

ಉಳಿದದ್ದು ಗುಡ್ಡ ಒಂದೇ. ಅದನ್ನಾದರೂ ಯಾರ ಕೈಯನ್ನೂ ಹಿಡಿಯದೆ ಹತ್ತಬೇಕೆಂಬ ಹಟ. ಅವರ ಕಣ್ಣಿಗೆ ಬಿಳಿ ಬಣ್ಣ ಮಾತ್ರ ಇನ್ನೂ ಕಾಣುತ್ತಿತ್ತು. ತಿರುವು ತಿರುವಿಗೂ ಬಂಡೆಗೆ ಸುಣ್ಣದ ಬೊಟ್ಟು ಇಟ್ಟೆವು. ಮುಂದಿನ ವಾರ ಹೋದರೆ ಯಾರೋ ಎಲ್ಲವನ್ನೂ ಉಜ್ಜಿ ತೆಗೆದಿದ್ದರು. ಬುಡದ ಮೆಣಸಿನಕಾಯಿ ಹೊಲದಿಂದ ಒಬ್ಬ ಹೆಂಗಸು ಕುಡುಗೋಲು ಹಿಡಿದೇ ಬಂದಳು.

"ಕಲ್ಲು ಕ್ವಾರಿಯವ್ರೇನ್ರಿ ನೀವು? ಸುಣ್ಣ ಹಚ್ಚಿದ್ರ ಗುಡ್ಡ ನಿಮ್ದಾಗತೈತೇನು?"

"ಇಲ್ಲವ್ವ, ನನಗ ಕಣ್ಣು ಸರಿ ಕಾಣಂಗಿಲ್ಲ. ದಾರಿ ತಪ್ಪಬಾರ್ದಂತ ಹಚ್ಚೀನಿ."

"ಕಣ್ಣು ಕಾಣದವ್ರಿಗೆ ಗುಡ್ಡ ಯಾಕ ಬೇಕ್ರಿ? ಮನ್ಯಾಗ ಕುಂದ್ರಬೇಕಪ್ಪ!"

"ನಮ್ಮ ಮನಿಯಾಕಿನೂ ಇದನ್ನ ಹೇಳ್ತಾಳ," ಎಂದು ಸಾರ್ ನಕ್ಕರು. ಅವಳಿಗೂ ನಗು ಬಂತು. "ಹಚ್ಕೊಳ್ರಿ ಹಂಗಾದ್ರ. ಯಾರೂ ಅಳಿಸಬ್ಯಾಡ್ರಿ ಅಂತ ಊರಾಗ ಹೇಳ್ತೀನಿ."

ಆಮೇಲೆ ಯಾರೂ ಅಳಿಸಲಿಲ್ಲ.

ಮರುವರ್ಷ ಮಳೆಗಾಲ ಮುಗಿದ ಮೇಲೆ ಹತ್ತುವಾಗ ಸಾರ್ ಹಿಗ್ಗಿದರು. "ಬೊಟ್ಟು ಜಾಸ್ತಿ ಆಗ್ಯಾವಲ್ಲೋ! ನೀನ ಬಂದು ಹಚ್ಚಿ ಹೋದೇನು?"

ಹತ್ತಿರ ಹೋಗಿ ನೋಡಿದೆ. ಬಿಳಿಯೇ, ಆದರೆ ಸುಣ್ಣವಲ್ಲ, ಪೇಂಟು. ಪಕ್ಕದಲ್ಲಿ ನಂಬರು. ಹೇಳಿದೆ. ಅವರು ಹೆಬ್ಬೆರಳಿನಿಂದ ಉಜ್ಜಿದರು. ಮತ್ತೆ ಮತ್ತೆ ಉಜ್ಜಿದರು. ಕೊನೆಗೆ ಆ ಬಂಡೆಗೇ ಒರಗಿ ಕೂತುಬಿಟ್ಟರು.

ಇಳಿದಾಗ ಆ ಹೆಂಗಸು ಸಿಕ್ಕಳು. "ಆ ಬೊಟ್ಟೂ ನಿಮ್ಮವ ಅಂತ ಬಿಟ್ವಿರಿ, ಸಾರ್. ಕ್ವಾರಿಯವ್ರದಂತ ಮೊದ್ಲ ಗೊತ್ತಾಗಿದ್ರ ತಕರಾರು ಅರ್ಜಿ ಹಾಕ್ತಿದ್ವಿ. ಈಗ ಅರ್ಜಿ ಹಾಕೋ ವಾಯಿದಿ ಮುಗುದೈತಂತ."

ಬಸ್ಸಿನಲ್ಲಿ ಬಳ್ಳಾರಿಗೆ ವಾಪಸಾದೆವು. ಇಳಿಯುವಾಗ ಅವರು, "ಕ್ವಾರಿಯವ್ರಿಗೆ ದಾರಿ ತೋರ್ಸಿದವ ನಾನ ಅಲ್ಲೇನಲೇ," ಎಂದರು. ಅಲ್ಲ ಸಾರ್ ಎಂದೆ. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಆ ಗುಡ್ಡಕ್ಕೆ ಮತ್ತೆ ಅವರು ಬರಲಿಲ್ಲ. ಮುಂದಿನ ದಸರೆಯೊಳಗೆ ತೀರಿಕೊಂಡರು. ಮಣ್ಣು ಮಾಡುವ ಮುಂಚೆ ಕೈ ನೋಡಿದೆ. ಬೆರಳ ಬಿರುಕುಗಳಲ್ಲಿ ಸುಣ್ಣ ಇರಲಿಲ್ಲ.

ಈಗ ಅಲ್ಲಿ ಅರ್ಧ ಗುಡ್ಡವಿದೆ. ದಾರಿ ಹುಡುಕುವ ಚಟ ಮಾತ್ರ ಅವರಿಂದ ನನಗೆ ಅಂಟಿದ್ದು ಬಿಟ್ಟಿಲ್ಲ. ಈ ಶೀಗಿ ಹುಣ್ಣಿಮೆಯ ಮರುದಿನ ಸೈಕಲ್ಲಿನಲ್ಲಿ ಅಲೆದು ಇನ್ನೊಂದು ಗುಡ್ಡ ಕಂಡುಕೊಂಡೆ. ಒಳ್ಳೆಯ ಹುಲ್ಲು, ಬಂಡೆಯ ಗುಂಡಿಯಲ್ಲಿ ತಿಳಿನೀರು. ಬೊಟ್ಟು ಇಡಲಿಲ್ಲ. ರಾತ್ರಿ ಡೈರಿ ತೆರೆದು ತಾರೀಖು ಹಾಕಿದೆ. ಹೋದ ದಾರಿ ಬರೆಯಲಿಲ್ಲ.