ಗಿರಿಜಕ್ಕನ ನಗು ಎಲ್ಲಿ ಹೋಯಿತು?

ಗಿರಿಜಕ್ಕ ಮೂರು ವಾರದಿಂದ ನನ್ನನ್ನು ನೋಡಿ ನಗುತ್ತಿರಲಿಲ್ಲ.

ಕಾಪುವಿನಿಂದ ಅಲೆವೂರಿನ ನಮ್ಮ ಗೇಟಿಗೆ ಹದಿನೈದು ವರ್ಷದಿಂದ ಮೀನು ತರುವವರು ಅವರು. ನಗದಿದ್ದರೆ ಕಾರಣ ಇರಲೇಬೇಕು. ಕಾರಣ ನನಗೆ ಗೊತ್ತಿತ್ತು. (ನಿಮ್ಮಲ್ಲೇ ಇರಲಿ: ಒಂದು ಭಾನುವಾರ ಉಡುಪಿ ಮಾರ್ಕೆಟಿನಲ್ಲಿ ಬೇರೆಯವರ ಹತ್ತಿರ ಬಂಗುಡೆ ತೆಗೆದುಕೊಂಡಿದ್ದೆ.) ನಮ್ಮಲ್ಲಿ ಡಾಕ್ಟರನ್ನು ಬದಲಿಸಬಹುದು, ಪಕ್ಷವನ್ನೂ ಬದಲಿಸಬಹುದು. ಖಾಯಂ ಮೀನಿನವರನ್ನು ಬದಲಿಸಿದರೆ ಕ್ಷಮೆ ಉಂಟಾ?

ಕೊನೆಗೆ ನಾನೇ ತಪ್ಪೊಪ್ಪಿಕೊಂಡೆ. ಗಿರಿಜಕ್ಕ ತುಟಿಯ ಎರಡೂ ತುದಿಗಳನ್ನು ಬೆರಳಿನಿಂದ ಮೇಲಕ್ಕೆತ್ತಿ ಹಿಡಿದರು.

"ನಗ್ತಾ ಇದ್ದೇನೆ ಮಾರಾಯ್ರೆ. ಬರುವುದಿಲ್ಲ."

ಮೂಗಿನಲ್ಲಿ ಬಂದಂತಿದ್ದ, ಸೋತ ದನಿ. ರೆಪ್ಪೆಗಳೂ ಇಳಿದಿದ್ದವು. ನನಗೆ ನಾಚಿಕೆಯಾಯಿತು. ಮೂರು ವಾರ ನಾನು ಯೋಚಿಸಿದ್ದು ನನ್ನ ಬಂಗುಡೆಯ ಬಗ್ಗೆ ಮಾತ್ರ!

ಅವರ ಮಗಳಿಗೆ ನಿಟ್ಟೆಯಲ್ಲಿ ಪರೀಕ್ಷೆ. ಹಾಗಾಗಿ ಮಣಿಪಾಲಕ್ಕೆ ನಾನೇ ಕರೆದುಕೊಂಡು ಹೋದೆ. ಟೆಸ್ಟ್, ಸ್ಕ್ಯಾನ್ ಎಲ್ಲ ಆದ ಮೇಲೆ ಡಾಕ್ಟರಮ್ಮ ನಿಧಾನವಾಗಿ ವಿವರಿಸಿದರು. ಎದೆಮೂಳೆಯ ಹಿಂದೆ ಥೈಮಸ್ ಎಂಬ ಗ್ರಂಥಿ ಉಂಟಂತೆ. ಮೈ ಕಾಯುವ ಎಳೆಯ ಕೋಶಗಳು ಕಲಿಯಲು ಅಲ್ಲಿಗೆ ಬರುತ್ತವೆ. ಗ್ರಂಥಿಯ ಸ್ವಂತ ಕೋಶಗಳೇ ಅವಕ್ಕೆ ಸೂಚನೆ ಕೊಡುತ್ತವೆ: ಇದು ಸ್ನಾಯು, ಇದು ಚರ್ಮ, ನಮ್ಮವರು, ಮುಟ್ಟಬೇಡ. ಆದರೂ ನಮ್ಮವರ ಮೇಲೆ ಏರಿ ಬರುವ ಎಳೆಯ ಕೋಶಗಳನ್ನು ಅಲ್ಲಿಯೇ ಮುಗಿಸುತ್ತವೆ.

"ನಿಮ್ಮಲ್ಲಿ ಆ ಪಾಠ ತಪ್ಪಿದೆ. ಹೊರಬಂದವು ನಿಮ್ಮ ಸ್ನಾಯುಗಳ ಮೇಲೆಯೇ ಬಿದ್ದಿವೆ. ಅದಕ್ಕೇ ನಗು, ದನಿ, ರೆಪ್ಪೆ ಎಲ್ಲ ಸೋತಿರುವುದು," ಎಂದರು.

"ಸ್ವಂತ ಬರಿಯವರ ಗುರುತೇ ಇಲ್ವಾ ಅವಕ್ಕೆ?" ಗಿರಿಜಕ್ಕನಿಗೆ ಸಿಟ್ಟು. (ಬರಿ ಅಂದರೆ ತಾಯಿಯ ಕಡೆಯಿಂದ ಬರುವ ಕುಲ. ಇಲ್ಲಿ ಹೊಸಬರು ಸಿಕ್ಕರೆ ಮೊದಲು ಕೇಳುವುದೇ ಅದನ್ನು.)

ನಾನು ಕಾರಿಡಾರಿನಲ್ಲಿ ಕುಳಿತು ಯೋಚಿಸಿದೆ. 'ನಮ್ಮವರು' ಎನ್ನುವುದು ಹುಟ್ಟುವಾಗಲೇ ಗೊತ್ತಿರುವುದಿಲ್ಲ, ಯಾರಾದರೂ ಕಲಿಸಬೇಕು. ಎಷ್ಟು ಮನೆಗಳಲ್ಲಿ ಕಲಿಸುತ್ತೇವೆ ಹೇಳಿ?

ಮಾತ್ರೆ ಶುರುವಾಯಿತು. ಜೊತೆಗೆ ಆ ಗ್ರಂಥಿಯನ್ನು ತೆಗೆಸಿ ಎಂದರು ಡಾಕ್ಟರಮ್ಮ. ಗಿರಿಜಕ್ಕ ನೇರವಾಗಿ ಕೇಳಿದರು, "ತೆಗೆದರೆ ನಗು, ದನಿ ಬರ್ತದಾ?"

"ಬರಬಹುದು. ಆದರೆ ಈಗಾಗಲೇ ಹೊರಗೆ ಹೋದವು ಹಾಗೇ ಇರುತ್ತವೆ. ತಿಂಗಳುಗಟ್ಟಲೆ ಕಾಯಬೇಕು. ಖಂಡಿತ ಅಂತ ಹೇಳಲಾರೆ."

ನಾನು ಹಿಂದೆಮುಂದೆ ನೋಡಿದೆ. ಖಂಡಿತ ಇಲ್ಲದ್ದಕ್ಕೆ ಎದೆ ಕೊಯ್ಯಿಸಿಕೊಳ್ಳುವುದಾ? ಕೂಗಿ ಮೀನು ಮಾರುವ ಹೆಂಗಸಿಗೆ ದನಿಯೇ ಬಾರದಿದ್ದರೆ?

ಗಿರಿಜಕ್ಕ ಮಾತ್ರ ಪೆನ್ನು ಕೇಳಿದರು. "ಬಲೆ ಹರಿದು ಹೋದ ಮೀನು ವಾಪಸು ಬರುವುದಿಲ್ಲ. ಹಾಗಂತ ನಾವು ಬಲೆ ಹೊಲಿಯದೆ ಕೂತುಕೊಳ್ತೇವಾ?" ಎಂದು ಸಹಿ ಹಾಕಿಯೇ ಬಿಟ್ಟರು.

ಆಪರೇಷನ್ ಆಗಿ ಎಂಟು ತಿಂಗಳು. ನಗು ಇನ್ನೂ ಅರ್ಧ ಮಾತ್ರ ಬಂದಿದೆ. ಆದರೆ ಮೊನ್ನೆ, ಗೇಟು ತೆಗೆಯಲು ತಡ ಮಾಡಿದೆನೆಂದು ಇಡೀ ರಸ್ತೆಗೆ ಕೇಳುವಂತೆ ಬೈದರು ನೋಡಿ!

ಬೈಸಿಕೊಂಡು ಕಣ್ಣು ತುಂಬಿ ಬಂದದ್ದು ನಿಮಗೆ ಯಾರಿಗಾದರೂ ಉಂಟಾ?