ಅಡಿ ಹಿಡಿದ ಫಿದೆವಾ

ಕುವೈತಿನ ಹೋಟೆಲೊಂದರಲ್ಲಿ ನಾನು ಅಡುಗೆಯವ. ಸ್ಪೇನಿನಿಂದ ಬಂದಿದ್ದ ಶೆಫ್ ಆ ದಿನ ಅವರೂರಿನ ಫಿದೆವಾ ಮಾಡಿದರು. ತುಂಡು ಶ್ಯಾವಿಗೆಯನ್ನು ಹುರಿದು, ಸಿಗಡಿ ಹಾಕಿ, ಮೀನಿನ ಸಾರಿನಲ್ಲಿ ಬೇಯಿಸುವ ಅಡುಗೆ. ಒಲೆಯ ಮೇಲಿದ್ದ ಅಗಲ ಬಾಣಲೆಯನ್ನು ನನಗೊಪ್ಪಿಸಿ, "ಕೈಯಾಡಿಸಬೇಡ, ಹತ್ತು ನಿಮಿಷ ಬಿಟ್ಟು ಬಡಿಸು" ಎಂದು ಅತಿಥಿಗಳನ್ನು ಮಾತಾಡಿಸಲು ಹೋದರು.

ಬಡಿಸಲು ಹೋದರೆ ಅಡಿ ಹಿಡಿದಿದೆ. ಪಾಪ, ದೊಡ್ಡ ಮನುಷ್ಯನ ಮರ್ಯಾದೆ ಹೋಗಬಾರದು ಅಂತ ಮೇಲಿನದ್ದನ್ನಷ್ಟೇ ನಾಜೂಕಾಗಿ ತೆಗೆದು ಕಳಿಸಿದೆ. ಸೀದದ್ದನ್ನು ಕೆರೆದು, ಸಾಕ್ಷಿ ಉಳಿಯದಂತೆ ನಾನೇ ತಿಂದೆ.

ಅತಿಥಿಗಳ ತಟ್ಟೆ ಕಂಡ ಶೆಫ್ ಓಡಿಬಂದು ಖಾಲಿ ಬಾಣಲೆ ನೋಡಿದರು. "ಅಡಿ ಹಿಡಿದಿರಲಿಲ್ಲವಾ?"

"ಇಲ್ಲವೇ ಇಲ್ಲ ಶೆಫ್. ಒಂದು ಚೂರೂ ಇಲ್ಲ."

ಅವರು ಸ್ಟೂಲಿನ ಮೇಲೆ ಕುಸಿದರು. "ಹಾಗಾದರೆ ಕೆಟ್ಟಿತು. ಇದರ ರುಚಿಯೇ ಅದು. ನಮ್ಮೂರಲ್ಲಿ ಅದಕ್ಕಾಗಿ ಜಗಳವಾಗುತ್ತದೆ."

ಇನ್ನು ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಹಿಡಿದಿತ್ತು ಶೆಫ್. ಚೆನ್ನಾಗಿಯೇ ಹಿಡಿದಿತ್ತು" ಎಂದು ಹೊಟ್ಟೆ ತೋರಿಸಿದೆ.

ಹದಿನೆಂಟು ವರ್ಷದಿಂದ, ಊರಲ್ಲೂ ಈಗ ಇಲ್ಲಿ ಕುವೈತಿನ ಮಹಬೂಲಾದ ಫ್ಲಾಟಿನಲ್ಲೂ, ನನ್ನ ಹೆಂಡತಿ "ಸೀದದ್ದು ನಿಮಗೆ ಬೇಡ" ಎಂದು ಪಾತ್ರೆಯ ಅಡಿಯದ್ದನ್ನು ತಾನೇ ತಿನ್ನುತ್ತಾಳೆ. ಇಷ್ಟು ದಿನ ಅದನ್ನು ತ್ಯಾಗ ಅಂದುಕೊಂಡಿದ್ದೆ.